ನಾಲ್ಕನೇ ತೂತು

ಗುಬ್ಬಿ ಗೇಟಿನಿಂದ ಸ್ವಲ್ಪ ಒಳಗೆ, ಒಂದು ಸೈಕಲ್ ಶಾಪಿಗೂ ಬೇಕರಿಗೂ ನಡುವೆ ನಾಯಿ ಬೆಲ್ಟು ಹೊಲಿಯುವ ಸಾಬರ ಅಂಗಡಿ ಇತ್ತು. ಬೋರ್ಡು ಇರಲಿಲ್ಲ. ಬಾಗಿಲ ಮೇಲಿನ ಸರಳಿಗೆ ನಾಯಿ ಬೆಲ್ಟುಗಳನ್ನು ಸಾಲಾಗಿ ನೇತುಹಾಕುತ್ತಿದ್ದರು, ಅದೇ ಬೋರ್ಡು. ಹೋದ ತಿಂಗಳು ದಾರದುಂಡೆ ತರಲು ಆ ಕಡೆ ಹೋದಾಗ ಸರಳು ಖಾಲಿ ಇತ್ತು. ಶಟರ್ ಅರ್ಧ ಇಳಿದಿತ್ತು.

ಬೇಕರಿಯವನು ನನ್ನನ್ನು ನೋಡಿ, "ಸಾಬ್ರು ಹೋಗ್ಬಿಟ್ರು ಅಕ್ಕ. ಹದಿನೈದು ದಿನ ಆಯ್ತು. ನಿಮ್ಗೆ ಯಾರೂ ಹೇಳ್ಲಿಲ್ವಾ?" ಎಂದ.

ನನಗೆ ಹೇಳುವವರು ಯಾರಿದ್ದಾರೆ. ಒಂದು ಪ್ಯಾಕೆಟ್ ಬನ್ನು ಕೊಂಡು ಮನೆಗೆ ಬಂದೆ. ಯಾಕೆ ಕೊಂಡೆನೋ ಗೊತ್ತಿಲ್ಲ. ಮನೆಯಲ್ಲಿರುವುದು ನಾನೊಬ್ಬಳೇ, ನನಗೆ ಬನ್ನು ಸೇರುವುದಿಲ್ಲ.

ಅವರಿಗೆ ನಾನು ಒಂದು ಮಾತು ಹೇಳುವುದು ಬಾಕಿ ಇತ್ತು. ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಸದಾಶಿವನಗರದ ಮನೆಯಲ್ಲಿ ಕೂತು ರವಿಕೆ ಹೊಲಿಯುತ್ತೇನೆ. ಬರೆದು ಅಭ್ಯಾಸವಿಲ್ಲ. ನೆನಪಾದ ಹಾಗೆ ಬರೆಯುತ್ತೇನೆ.

ಮೊದಲ ಸಲ ಅವರ ಅಂಗಡಿಗೆ ಹೋದದ್ದು ಬೆಳ್ಳಿಯನ್ನು ಕರೆದುಕೊಂಡು. ಬೆಳ್ಳಿ ನಮ್ಮ ನಾಯಿ, ಮುಧೋಳದ ಜಾತಿ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ನಮ್ಮೆಜಮಾನರು ಟರ್ನರ್ ಆಗಿದ್ದರು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಬಾಗಲಕೋಟೆ ಕಡೆಯವರೊಬ್ಬರು ಊರಿಗೆ ಹೋದಾಗ ಒಂದು ಮರಿ ತಂದುಕೊಟ್ಟಿದ್ದರು. ನಮಗೆ ಮಕ್ಕಳಿಲ್ಲ. ಅದನ್ನು ಸಾಕಿದ್ದೆಲ್ಲ ನಮ್ಮೆಜಮಾನರೇ, ಬೆಳಿಗ್ಗೆ ಸಂಜೆ ತಿರುಗಾಡಿಸುತ್ತಿದ್ದವರೂ ಇವರೇ. ಆಮೇಲೆ ಇವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ತೊದಲಾಯಿತು. ನಾಯಿಯ ಚೈನು ನನ್ನ ಕೈಗೆ ಬಂತು. ಹಳೆಯ ಬೆಲ್ಟು ಹರಿದಿತ್ತು. ಯಾರೋ ಈ ಅಂಗಡಿ ಹೇಳಿದರು.

ಟೇಲರ್ ಅಂತ ನನಗೊಂದು ಜಂಬ ಇತ್ತು. ಮನೆಯಲ್ಲೇ ಟೇಪ್ ಹಿಡಿದು ಕುತ್ತಿಗೆ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಚೀಟಿಯನ್ನು ನೋಡಲೂ ಇಲ್ಲ.

"ಟೇಪ್ ಬ್ಯಾಡ ತಾಯಿ. ಟೇಪ್ ನಂಬರ್ ಹೇಳ್ತದೆ. ನಂಗೆ ಕುತ್ತಿಗೆ ಬೇಕು," ಎಂದು ಮೇಣ ಉಜ್ಜಿದ ಒಂದು ದಾರ ಕೊಟ್ಟರು. "ಇದನ್ನ ಸುತ್ತಿ, ಒಂದ್ ಬೆರಳು ಒಳಗಿಟ್ಟು, ಗಂಟು ಹಾಕಿ ಕೊಡಿ."

"ನೀವೇ ಹಾಕ್ಬಹುದಲ್ವಾ?"

"ನಾನು ನಾಯಿ ಮುಟ್ಟಲ್ಲ."

ನಾಯಿ ಬೆಲ್ಟು ಹೊಲಿಯುವವರು ನಾಯಿ ಮುಟ್ಟುವುದಿಲ್ಲ ಅಂದರೆ ನಗು ಬಂತು. ಅವರೂ ನಕ್ಕರು. "ನಮ್ಮಲ್ಲಿ ನಾಯಿ ಎಂಜಲು ತಾಗಿದ್ರೆ ತೊಳ್ಕೊಂಡು ನಮಾಜಿಗೆ ನಿಲ್ಬೇಕು. ದಿನಕ್ಕೆ ಹತ್ತು ಗಿರಾಕಿ ಮೂತಿ ತರ್ತವೆ. ಹತ್ತು ಸಲ ತೊಳ್ಕೊಳಕ್ಕೆ ತುಮಕೂರಲ್ಲಿ ನೀರೆಲ್ಲಿದೆ ಹೇಳಿ."

ಹಾಗಂತ ತಾತ್ಸಾರ ಇರಲಿಲ್ಲ. ನಾಯಿಗಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ದೊಡ್ಡ ನಾಯಿ ಯಾವುದಾದರೂ ಅವರ ಚರ್ಮದ ತುಂಡನ್ನು ಮೂಸಲು ಬಂದರೆ ಲುಂಗಿಯ ಚುಂಗು ಎತ್ತಿಕೊಂಡು, "ಸ್ವಲ್ಪ ಆ ಕಡೆ ನಿಂತ್ಕೊಳಿ ಸ್ವಾಮಿ," ಎನ್ನುತ್ತಿದ್ದರು. ಅದೂ ಸರಿದು ನಿಲ್ಲುತ್ತಿತ್ತು.

ಅವರ ತಂದೆ ಕುಣಿಗಲ್‌ನಲ್ಲಿ ಕುದುರೆಗಳಿಗೆ ಜೀನು, ಲಗಾಮು ಹೊಲಿಯುತ್ತಿದ್ದರಂತೆ. ಇವರೂ ಚಿಕ್ಕಂದಿನಿಂದ ಅಲ್ಲೇ ದಬ್ಬಳ ಹಿಡಿದವರು. ಕೆಲಸ ಕಡಿಮೆಯಾದ ಮೇಲೆ ತುಮಕೂರಿಗೆ ಬಂದು ಚಪ್ಪಲಿ ಹೊಲಿದರು, ಸ್ಕೂಲ್ ಬ್ಯಾಗ್ ಹೊಲಿದರು, ಕೊನೆಗೆ ನಾಯಿ ಬೆಲ್ಟಿಗೆ ನಿಂತರು. "ಕುದುರೆ ಕುತ್ತಿಗೆಯಿಂದ ನಾಯಿ ಕುತ್ತಿಗೆಗೆ ಇಳಿದೆ. ಮುಂದಕ್ಕೆ ಬೆಕ್ಕು," ಎಂದು ಹೇಳಿಕೊಳ್ಳುತ್ತಿದ್ದರು.

ಗೋಡೆಯಲ್ಲಿ ಸಾಲಾಗಿ ಮೊಳೆಗಳು. ಒಂದೊಂದು ಮೊಳೆಯಲ್ಲಿ ಗಂಟು ಹಾಕಿದ ದಾರಗಳ ಗೊಂಚಲು, ದಾರಕ್ಕೊಂದು ಚೀಟಿ. ಬೆಲ್ಟು ಕೊಟ್ಟ ಮೇಲೂ ದಾರ ಬಿಸಾಕುತ್ತಿರಲಿಲ್ಲ. ಮುಟ್ಟದೇ ಇದ್ದರೂ ಊರಿನ ಅಷ್ಟೂ ನಾಯಿಗಳ ಸ್ವಭಾವ ಆ ದಾರಗಳಿಂದಲೇ ಅವರಿಗೆ ಗೊತ್ತಿತ್ತು. ನಾನು ಕಾಯುತ್ತ ಸ್ಟೂಲಿನ ಮೇಲೆ ಕೂತಿದ್ದರೆ ಒಂದೊಂದನ್ನೇ ಬೆರಳಿಗೆ ಸಿಕ್ಕಿಸಿಕೊಂಡು ಹೇಳುತ್ತಿದ್ದರು.

"ಇದು ಲ್ಯಾಬು. ಮದುವೆ ಮನೆಗೆ ಬಂದ ದೊಡ್ಡಪ್ಪ ಇದ್ದಂಗೆ. ಯಾರು ಎಲೆ ಹಾಕಿದ್ರೂ ಕೂತ್ಕೋತದೆ. ಪ್ರತಿ ವರ್ಷ ದಾರ ಉದ್ದ ಆಯ್ತದೆ, ಮನೆಯೋರು ತಿನ್ಸೋದು ನಿಲ್ಸಲ್ಲ."

"ಇದು ಡಾಬರ್‌ಮನ್. ಇದಕ್ಕೆ ಏನಾದ್ರೂ ಕೆಲಸ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಅದೇ ಹುಡುಕ್ಕೋತದೆ, ಆ ಕೆಲಸ ನಿಮ್ಗೆ ಹಿಡಿಸಲ್ಲ."

ಪಾಮೇರಿಯನ್ ದಾರ ಹಿಡಿದು, "ಇದು ಸುಳ್ಳು ಹೇಳೋ ಕುತ್ತಿಗೆ. ಅರ್ಧ ಬರೀ ಕೂದಲು. ಸ್ನಾನ ಮಾಡ್ಸಿ ಒದ್ದೆ ಇದ್ದಾಗ ಅಳೀಬೇಕು. ಇರೋದು ಇಷ್ಟು, ಕೋಪ ನೋಡಿದ್ರೆ ಆನೆದು," ಎನ್ನುತ್ತಿದ್ದರು. ಶೆಪರ್ಡ್ ಜಾತಿಗೆ ಮನೆಯಲ್ಲಿ ಒಬ್ಬರೇ ದೇವರು, ಉಳಿದವರೆಲ್ಲ ಬಾಡಿಗೆಗೆ ಇರುವವರು ಎನ್ನುವುದು ಅವರ ಲೆಕ್ಕ.

ಉಳಿದ ಚರ್ಮದ ತುಂಡುಗಳಲ್ಲಿ ಬೀದಿ ನಾಯಿಗಳಿಗೂ ಬೆಲ್ಟು ಹೊಲಿಯುತ್ತಿದ್ದರು. ಬೇಕರಿಯವನ ಹತ್ತಿರವೋ ಆಟೋದವರ ಹತ್ತಿರವೋ ಕೊಟ್ಟು ಹಾಕಿಸುತ್ತಿದ್ದರು. ಬೀದಿ ನಾಯಿಗೆ ಯಾಕೆ ಸಾಬ್ರೇ ಎಂದು ಒಂದು ದಿನ ಕೇಳಿದೆ.

"ಬೆಲ್ಟ್ ಇದ್ರೆ, ಇದಕ್ಕೆ ಯಾರೋ ಇದಾರೆ ಅನ್ಕೋತಾರೆ ಜನ. ಕಲ್ಲು ಎತ್ಕೊಂಡೋನು ಒಂದ್ ಸಲ ಹಿಂದೆ ಮುಂದೆ ನೋಡ್ತಾನೆ. ಅಷ್ಟೇ," ಎಂದರು.

ಬೆಳ್ಳಿಯ ದಾರ ನೋಡಿದಾಗ ಮಾತ್ರ ಅವರು ತಮಾಷೆ ಮಾಡಲಿಲ್ಲ. ಬೆಳ್ಳಿಯನ್ನು ಒಂದು ಸುತ್ತು ನೋಡಿದರು. ಅದು ಯಾರ ಹತ್ತಿರವೂ ಹೋಗದೆ ಅಂಗಡಿಯ ಮೆಟ್ಟಿಲ ಅಂಚಿಗೆ ನಿಂತಿತ್ತು.

"ಈ ಜಾತಿ ನಿಮ್ಮ ಮೈಮೇಲೆ ಬಿದ್ದು ಮುದ್ದು ಮಾಡ್ಸಿಕೊಳ್ಳಲ್ಲ. ನೀವಿರೋ ಕಡೆ ಇರ್ತದೆ, ಅಷ್ಟೇ. ಒಂಥರಾ ನನ್ನಂಗೆ. ಆದ್ರೆ ಹುಷಾರು ತಾಯಿ. ಇದರ ತಲೆ ಸಣ್ಣ, ಕುತ್ತಿಗೆ ದಪ್ಪ. ಬೆದರಿ ಹಿಂದಕ್ಕೆ ಎಳೆದ್ರೆ ಬೆಲ್ಟು ಕಿವಿ ಮೇಲಿಂದ ಬಂದ್ಬಿಡ್ತದೆ. ಒಳಗಿಂದ ಮೂರನೇ ತೂತಿಗೇ ಹಾಕಿ. ಒಂದ್ ಬೆರಳು ತೂರ್ಬೇಕು, ಎರಡು ತೂರ್ಬಾರ್ದು. ನಾಲ್ಕನೇದು ಮುಂದಕ್ಕೆ, ಮೈ ತುಂಬಿದ್ರೆ."

ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೆ, ಮನೆಗೆ ಬಂದು ಇವರಿಗೂ ಹೇಳಿದ್ದೆ. ಕೇಳಿಸಲಿಲ್ಲ ಅಂತ ಹೇಳುವ ಹಾಗಿಲ್ಲ.

ಆಮೇಲೆ ಆ ಕಡೆ ಹೋದಾಗೆಲ್ಲ ಐದು ನಿಮಿಷ ಕೂತು ಬರುವುದು ರೂಢಿಯಾಯಿತು. ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಇವರು ತೊದಲುವುದನ್ನು ನಾನು ಎರಡು ಸಲ ಕೇಳಿದರೆ ಸಿಟ್ಟಾಗುತ್ತಿದ್ದರು. ಬೆಳ್ಳಿಯೇ ವಾಸಿ, ಅದಕ್ಕೆ ಮಾತು ಬೇಡ. ಮಂಚದ ಪಕ್ಕ ಬಂದು ಇವರ ಬಲಗೈಯ ಕೆಳಗೆ ತಲೆ ತೂರಿಸಿ ನಿಲ್ಲುತ್ತಿತ್ತು. ಆ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಇವರು ಅದನ್ನು ತೆಗೆಯುತ್ತಿರಲಿಲ್ಲ.

ಇಂಥದ್ದನ್ನೆಲ್ಲ ಸಾಬರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ನಮ್ಮ ಭಾವನವರ ವಿಷಯವನ್ನೂ ಹೇಳಿದ್ದೆ. ಅವರು ಗುಬ್ಬಿಯಲ್ಲಿದ್ದಾರೆ. ಗೃಹಪ್ರವೇಶಕ್ಕೆ ಮನೆಗೆ ಬಂದು ಕರೆಯಲಿಲ್ಲ, ಫೋನಿನಲ್ಲಿ ಕರೆದರು ಅಂತ ನಮ್ಮೆಜಮಾನರು ಅಣ್ಣನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಲಕ್ವ ಹೊಡೆದಾಗ ಅಣ್ಣ ನೋಡಲು ಬಂದರೆ ಗೋಡೆ ಕಡೆ ತಿರುಗಿ ಮಲಗಿದ್ದರು.

"ಹನ್ನೊಂದು ವರ್ಷ?" ಎಂದರು ಸಾಬರು, ದಬ್ಬಳ ನಿಲ್ಲಿಸಿ. "ಚರ್ಮ ಆದ್ರೂ ಅಷ್ಟೊತ್ತಿಗೆ ಮೆತ್ತಗಾಗ್ತದೆ ತಾಯಿ."

"ಅವ್ರು ಮಾತು ಬಿಟ್ರೆ ಬಿಟ್ಟಂಗೇ ಸಾಬ್ರೇ. ನಾಳೆ ನನ್ ಜೊತೆ ಬಿಟ್ರೂ ಅಷ್ಟೇ."

ಅವರು ಮತ್ತೆ ಹೊಲಿಯತೊಡಗಿದರು.

ಈಗ ನನ್ನ ತಪ್ಪಿನ ವಿಷಯ. ಬೇಸಿಗೆ ಜೋರಾಗಿತ್ತು. ಬೆಳ್ಳಿಯ ಕುತ್ತಿಗೆಯಲ್ಲಿ ಬೆಲ್ಟು ಉಜ್ಜಿ ಕೂದಲು ಹೋಗಿ ಕೆಂಪು ಗೆರೆ ಬಿದ್ದಿತ್ತು. ಯಾವ ರವಿಕೆಯಾದರೂ ಮೈಗೆ ಹಿಡಿದರೆ ಒಂದು ಹೊಲಿಗೆ ಬಿಚ್ಚಿ ಲೂಸ್ ಕೊಡುವುದು ನನ್ನ ಕೈಗೆ ಬಂದ ಬುದ್ಧಿ. ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದೇನೆ. ಏನೂ ಯೋಚಿಸದೆ ಬೆಲ್ಟನ್ನು ಮೂರನೇ ತೂತಿನಿಂದ ನಾಲ್ಕನೆಯದಕ್ಕೆ ಹಾಕಿದೆ. ಎರಡು ಬೆರಳು ಆರಾಮಾಗಿ ತೂರುತ್ತಿದ್ದವು. ಪಾಪ, ಈಗ ಹಾಯಾಗಿದೆ ಅಂದುಕೊಂಡೆ.

ಹತ್ತು ದಿನ ಹಾಗೇ ಇತ್ತು. ಒಂದು ಸಂಜೆ ಗುಬ್ಬಿ ರಸ್ತೆಯಲ್ಲಿ ತಿರುಗಾಡಿಸುತ್ತಿದ್ದಾಗ ಲಾರಿಯೊಂದರ ಟೈರು ನಮ್ಮ ಪಕ್ಕದಲ್ಲೇ ಸಿಡಿಯಿತು. ಬೆಳ್ಳಿ ಮುಂಗಾಲು ಊರಿ, ತಲೆ ಬಗ್ಗಿಸಿ, ಹಿಂದಕ್ಕೆ ಎಳೆಯಿತು. ಒಂದೇ ಸಲ. ಬೆಲ್ಟು ಕಿವಿಗಳ ಮೇಲಿಂದ ಕಳಚಿ ಬಂತು. ಅದು ಗುಬ್ಬಿ ಕಡೆಗೆ ಓಡಿತು. ಮುಧೋಳದ ನಾಯಿ ಓಡುವುದನ್ನು ನೋಡಿದವರಿಗೆ ಗೊತ್ತು, ಕೂಗುವಷ್ಟರಲ್ಲಿ ಅದು ಇರುವುದಿಲ್ಲ. ನಾನು ಕೂಗಿದೆ. ನನ್ನ ಕೈಯಲ್ಲಿ ಚೈನು, ಚೈನಿನ ತುದಿಗೆ ಬಕಲ್ ಹಾಕಿದ ಹಾಗೇ ಇದ್ದ ಬೆಲ್ಟು.

ಕತ್ತಲಾಗುವವರೆಗೆ ಹುಡುಕಿ ಮನೆಗೆ ಬಂದೆ. ಒಳಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು, ಬೆಲ್ಟಿನ ಬಕಲ್ ಬಿಚ್ಚಿ, ನಾಲ್ಕನೇ ತೂತಿನಿಂದ ತೆಗೆದು ಮೂರನೆಯದಕ್ಕೆ ಹಾಕಿದೆ. ಆಮೇಲೆ ಒಳಗೆ ಹೋದೆ.

ಇವರು ಬೆಲ್ಟನ್ನು ಎಡಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಲೇತ್ ಮಿಷನ್ನಿನಲ್ಲಿ ಕೆಲಸ ಮಾಡಿದವರು, ವಸ್ತು ನೋಡುವುದು ಗೊತ್ತು. ಆದರೆ ಕಣ್ಣು ಮಂಜಾಗಿತ್ತು. "ಮೂರನೇದಕ್ಕೇ ಹಾಕಿದ್ದಾ?" ಎಂದು ತೊದಲಿ ಕೇಳಿದರು. ಹೂಂ ಎಂದೆ. "ಹಂಗಾದ್ರೆ ಬೆಲ್ಟೇ ಸರಿ ಇಲ್ಲ. ಮಾಡಿದೋನ್ನ ಕರ್ಸು."

ಮರುದಿನ ಬೆಳಿಗ್ಗೆ ಹೋಗಿ ಸಾಬರಿಗೆ ಹೇಳಿದೆ. ನಾಯಿ ತಪ್ಪಿಸಿಕೊಂಡಿತು ಎಂದಷ್ಟೇ ಹೇಳಿದೆ. ಅಂಗಡಿ ಮುಚ್ಚಿ ಹಿಂದೆಯೇ ಟಿವಿಎಸ್‌ನಲ್ಲಿ ಬಂದರು. ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಬಾಗಿಲಲ್ಲಿ ನಿಂತರು. ಇವರು ಮಂಚದಿಂದಲೇ ಶುರು ಮಾಡಿದರು. ಅರ್ಧ ಮಾತು ಅರ್ಥವಾಗುವಂತಿರಲಿಲ್ಲ, ಅರ್ಥವಾದದ್ದು ಚೆನ್ನಾಗಿರಲಿಲ್ಲ.

ಸಾಬರು ಎಲ್ಲ ಕೇಳಿ, "ಬೆಲ್ಟು ಕೊಡಿ ತಾಯಿ, ನೋಡ್ತೀನಿ," ಎಂದರು. ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಕಲ್ ಬಿಚ್ಚಿದರು. ತೂತುಗಳ ಮೇಲೆ ಹೆಬ್ಬೆರಳು ಆಡಿಸಿದರು. ಮಡಚಿದರು, ಬಿಡಿಸಿದರು. ನನ್ನ ಕೈಯಲ್ಲಿ ಅವರಿಗಾಗಿ ತಂದ ನೀರಿನ ಲೋಟ ಇತ್ತು. ಅವರು ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಮಂಚದ ಕಡೆ ತಿರುಗಿದರು.

"ನಂದೇ ತಪ್ಪು ಎಜಮಾನ್ರೇ. ಈ ಜಾತಿ ತಲೆಗೆ ಇಂಥಾ ಬೆಲ್ಟ್ ನಿಲ್ಲಲ್ಲ. ಬೇರೆ ತರ ಹೊಲೀಬೇಕಿತ್ತು. ಅಮ್ಮಾವ್ರು ನಾ ಹೇಳ್ದಂಗೇ ಹಾಕವ್ರೆ. ನಾನೇ ಲೆಕ್ಕ ತಪ್ಪಿದೀನಿ."

ನನ್ನೆದೆಯ ಭಾರ ಇಳಿದಂತಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇಳಿದದ್ದು ನಿಜ. ಪಾಪ, ಅವರಿಗೆ ಗೊತ್ತಿಲ್ಲ, ತಮ್ಮ ಕೆಲಸದ ಮೇಲೇ ಅನುಮಾನ ಪಡುತ್ತಿದ್ದಾರೆ ಅಂದುಕೊಂಡೆ. ಬಾಯಿ ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ಇವರು, "ಇನ್ನು ಈ ಮನೆ ಮೆಟ್ಲು ಹತ್ತಬೇಡ," ಎಂದರು. ಸಾಬರು ಆಯ್ತು ಎಂದು, ಬೆಲ್ಟನ್ನು ಜೇಬಿಗೆ ಹಾಕಿಕೊಂಡು ಹೋದರು. ನೀರು ಕುಡಿಯಲಿಲ್ಲ. ನಾನೇ ಕೊಡಲಿಲ್ಲ.

ಆಮೇಲೆ ಅವರು ಬೆಳ್ಳಿಯನ್ನು ಹುಡುಕಿದಷ್ಟು ನಾನೂ ಹುಡುಕಲಿಲ್ಲ, ನನಗೆ ಮಂಚ ಬಿಟ್ಟು ಹೋಗುವ ಹಾಗಿರಲಿಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಗುಬ್ಬಿ ಕಡೆ ಟಿವಿಎಸ್ ಓಡಿಸುತ್ತಿದ್ದರು. ನಾನು ಅಂಗಡಿಗೆ ಹೋದಾಗ ವರದಿ ಕೊಡುತ್ತಿದ್ದರು.

"ಸಿ.ಎಸ್. ಪುರದ ಹತ್ರ ಒಂದು ಬಿಳೀ ನಾಯಿ ಬಂದದೆ ಅಂದ್ರು. ಹೋಗಿ ನೋಡ್ದೆ. ಬಾಲ ಸುರುಳಿ. ನಮ್ದಲ್ಲ."

ಇನ್ನೊಂದು ಸಲ, "ಗುಬ್ಬಿ ಸ್ಟೇಷನ್ ಹತ್ರ ಇದ್ದದ್ದು ಮುಧೋಳದ್ದೇ. ಕರ್ದೆ, ತಿರುಗಿ ನೋಡ್ತು. ಆದ್ರೆ ಗಂಡು. ನಮ್ದಲ್ಲ."

ನಮ್ಮದು ಎನ್ನುತ್ತಿದ್ದರು. ಬೆಳ್ಳಿಯ ಕುತ್ತಿಗೆ ಬರಿದಾಗಿದೆ, ಅದಕ್ಕೆ ಯಾರೂ ಇಲ್ಲ ಅಂದುಕೊಂಡು ಜನ ಕಲ್ಲು ಹೊಡೆಯುತ್ತಾರೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಎರಡು ಮೂರು ಸಲ ನಾನು ಬಾಯಿ ತೆರೆದೆ. "ಸಾಬ್ರೇ, ಅವತ್ತು ಆ ಬೆಲ್ಟು..." ಎಂದರೆ ಸಾಕು, ಅವರು ದಬ್ಬಳದ ಕಣ್ಣಿಗೆ ದಾರ ಪೋಣಿಸಲು ತಲೆ ಬಗ್ಗಿಸುತ್ತಿದ್ದರು. "ಎಜಮಾನ್ರು ಊಟ ಮಾಡಿದ್ರಾ?" ಎಂದು ಕೇಳುತ್ತಿದ್ದರು. ಮಾಡಿದರು ಎನ್ನುತ್ತಿದ್ದೆ. "ನೀವೇ ತಿನ್ಸಿದ್ರಾ?" ನಾನೇ ತಿನ್ನಿಸಿದೆ ಎನ್ನುತ್ತಿದ್ದೆ. "ಒಳ್ಳೇದಾಯ್ತು, ಹೋಗಿ ತಾಯಿ, ಕಾಯ್ತಿರ್ತಾರೆ."

ಬೆಳ್ಳಿ ಸಿಗಲಿಲ್ಲ. ಇವರು ಎಂಟು ತಿಂಗಳು ಇದ್ದರು. ಆ ಎಂಟು ತಿಂಗಳೂ ಬಲಗೈಯನ್ನು ಮಂಚದ ಅಂಚಿಗೆ ಇಡು ಎನ್ನುತ್ತಿದ್ದರು, ಇಡುತ್ತಿದ್ದೆ. ದಿನಕ್ಕೆ ಒಂದು ಸಲವಾದರೂ ಸಾಬರನ್ನು ಬೈಯುತ್ತಿದ್ದರು. ಬೈದು ಸುಸ್ತಾದ ಮೇಲೆ ನನ್ನ ಕೈಯಿಂದ ಗಂಜಿ ಕುಡಿಯುತ್ತಿದ್ದರು. ಕೊನೆಕೊನೆಗೆ ಬೇರೆ ಯಾರು ಕೊಟ್ಟರೂ ಬಾಯಿ ತೆರೆಯುತ್ತಿರಲಿಲ್ಲ.

ಇವರು ಹೋದ ದಿನ ಸಾಬರು ಬಂದರು. ಮೆಟ್ಟಿಲು ಹತ್ತಲಿಲ್ಲ, ಇವರು ಹೇಳಿದ್ದ ಮಾತನ್ನು ಇವರು ಸತ್ತ ಮೇಲೂ ಮೀರಲಿಲ್ಲ. ಗೇಟಿನ ಹತ್ತಿರ ಜನರ ಹಿಂದೆ ನಿಂತಿದ್ದರು. ನಾನೇ ಹೋದೆ.

"ಕೊನೇಲಿ ನಿಮ್ಮ ಕೈಯಲ್ಲೇ ನೀರು ಕುಡಿದ್ರಾ ತಾಯಿ?" ಎಂದು ಕೇಳಿದರು.

ಹೌದು ಎಂದೆ.

"ಬಸ್. ಅಷ್ಟು ಸಾಕು," ಎಂದರು.

ಸಾವಿನ ಮನೆಯಲ್ಲಿ ಯಾರಾದರೂ ಆಡುವ ಮಾತು ಅಂದುಕೊಂಡೆ. ಅದಾದ ಮೇಲೆ ನಾನು ಅವರ ಅಂಗಡಿಗೆ ಹೋಗಲಿಲ್ಲ. ಇವರಿಲ್ಲದ ಮೇಲೆ ನಿಜ ಹೇಳಲು ಅಡ್ಡಿ ಏನಿತ್ತು? ಏನೂ ಇರಲಿಲ್ಲ. ಅದಕ್ಕೇ ಹೋಗಲಿಲ್ಲ. ಆ ರಸ್ತೆಗೆ ಹೋಗದ ಹಾಗೆ ದಾರದುಂಡೆಗೆ ಬೇರೆ ಕಡೆ ಅಂಗಡಿ ಹುಡುಕಿಕೊಂಡೆ. ಎರಡು ವರ್ಷ ಹೀಗೇ ಕಳೆಯಿತು. ಹೋದ ತಿಂಗಳು ಆ ಬೇರೆ ಅಂಗಡಿಯಲ್ಲಿ ನನಗೆ ಬೇಕಾದ ಬಣ್ಣ ಇರಲಿಲ್ಲ ಅಂತ ಮತ್ತೆ ಗುಬ್ಬಿ ಗೇಟಿಗೆ ಹೋದದ್ದು.

ಬನ್ನು ತಂದ ಮಾರನೇ ದಿನ ಅವರ ಮನೆ ಕೇಳಿಕೊಂಡು ಹೋದೆ. ಅಂಗಡಿಯ ಹಿಂದಿನ ಗಲ್ಲಿಯಲ್ಲೇ. ಅವರ ಸೊಸೆ ಬಾಗಿಲು ತೆಗೆದರು. ನನ್ನನ್ನು ಯಾವತ್ತೂ ನೋಡಿರದವರು, ರವಿಕೆ ಹೊಲಿಯುವವಳು ಎಂದ ಕೂಡಲೇ, "ಬೆಳ್ಳಿ ಮನೆ ಆಂಟಿ ಅಲ್ವಾ ನೀವು?" ಎಂದರು. ಕೂರಿಸಿ ಚಹಾ ಕೊಟ್ಟು, ಒಳಗಿನಿಂದ ಒಂದು ಬಟ್ಟೆ ಚೀಲ ತಂದರು.

"ಇದು ಅವ್ರ ಗಾಡಿ ಡಿಕ್ಕೀಲಿ ಯಾವಾಗ್ಲೂ ಇರ್ತಿತ್ತು. ನಿಮ್ದು ಅಂತ ಗೊತ್ತು. ಎಲ್ಲಿ ಕೊಡೋದು ಅಂತ ಗೊತ್ತಿರ್ಲಿಲ್ಲ."

ಚೀಲದಲ್ಲಿ ಒಂದು ಹೊಸ ಬೆಲ್ಟು ಇತ್ತು. ಅಗಲವಾದದ್ದು, ಒಳಗೆ ಮೆತ್ತನೆಯ ಬಟ್ಟೆ ಇಟ್ಟು ಹೊಲಿದದ್ದು, ಎಳೆದರೆ ತಾನೇ ಬಿಗಿಯಾಗುವ ಹಾಗೆ ಒಂದು ಉಂಗುರ ಸೇರಿಸಿದ್ದರು. ಉಜ್ಜಿ ಗಾಯವಾಗದ ಹಾಗೆ, ತಲೆಯಿಂದ ಕಳಚದ ಹಾಗೆ.

"ಇಷ್ಟ್ ದಿನ ಆದ್ಮೇಲೆ ಅದು ಎಲ್ಲಿ ಸಿಗುತ್ತೆ ಅಬ್ಬಾ ಅಂತ ಮಾವಂಗೆ ಹೇಳ್ತಿದ್ವಿ ನಾವು. ಸಿಕ್ರೂ ಹಾಕೋರ್ಯಾರು, ನೀವು ಮುಟ್ಟಲ್ವಲ್ಲ ಅಂದ್ರೆ, ನಾನೇ ಹಾಕ್ತೀನಿ, ಹಾಕಿ ಆಮೇಲೆ ತೊಳ್ಕೋತೀನಿ ಬುಡು ಅಂತಿದ್ರು," ಎಂದರು ಸೊಸೆ. ಅವರು ನಗುತ್ತಲೇ ಹೇಳಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

ಚೀಲದ ತಳದಲ್ಲಿ ಹಳೆಯ ಬೆಲ್ಟು ಇತ್ತು. ಬೆಳ್ಳಿಯ ದಾರ ಅದಕ್ಕೆ ಸುತ್ತಿತ್ತು.

ಅದನ್ನು ಮನೆಗೆ ತಂದು ಹೊಲಿಗೆ ಮಿಷನ್ನಿನ ದೀಪದ ಕೆಳಗೆ ಇಟ್ಟೆ. ಆಗ ನೋಡಿದೆ. ಮೂರನೇ ತೂತಿನ ಹತ್ತಿರ ಬಕಲ್ ಕೂತು ಕೂತು ಬಿದ್ದ ಅಡ್ಡಗೆರೆ, ಆಳವಾದದ್ದು. ನಾಲ್ಕನೇ ತೂತಿನ ಹತ್ತಿರ ಇನ್ನೊಂದು ಗೆರೆ, ತೆಳುವಾದದ್ದು. ಹತ್ತು ದಿನದ್ದು. ಮೂರನೇ ತೂತು ಗುಂಡಗಿತ್ತು. ನಾಲ್ಕನೆಯದು ಎಳೆದು ಉದ್ದವಾಗಿತ್ತು. ಬೆಳ್ಳಿ ಕೊನೆಗೆ ಎಳೆದದ್ದು ಯಾವ ತೂತಿನಿಂದ ಎನ್ನುವುದನ್ನು ಚರ್ಮ ಬರೆದಿಟ್ಟುಕೊಂಡಿತ್ತು.

ರವಿಕೆಯ ಹೊಲಿಗೆ ಬಿಚ್ಚಿದರೆ ಹಳೆಯ ಸೂಜಿ ಗುರುತು ಬಟ್ಟೆಯಲ್ಲಿ ಉಳಿಯುತ್ತದೆ ಎನ್ನುವುದು ನನಗೆ ಮೂವತ್ತು ವರ್ಷದಿಂದ ಗೊತ್ತು. ಮೆಟ್ಟಿಲ ಮೇಲೆ ಕೂತು ತೂತು ಬದಲಾಯಿಸಿದಾಗ ಅದು ನೆನಪಾಗಲಿಲ್ಲ. ಚಿಕ್ಕಂದಿನಿಂದ ಚರ್ಮದಲ್ಲೇ ಬೆಳೆದವರು ಬಾಗಿಲ ಬೆಳಕಿಗೆ ಹಿಡಿದು ಹೆಬ್ಬೆರಳು ಆಡಿಸಿದ್ದರು. ನನ್ನ ಕಡೆ ಒಂದು ಸಲ ನೋಡಿದ್ದರು. ಆಮೇಲೆ ಬೆಲ್ಟನ್ನು ಇವರ ಕಣ್ಣಿಗೆ ಮತ್ತೆ ಬೀಳದ ಹಾಗೆ ಜೇಬಿಗೆ ಹಾಕಿಕೊಂಡು ಹೋಗಿದ್ದರು. ಹನ್ನೊಂದು ವರ್ಷ ಅಣ್ಣನ ಕಡೆ ತಿರುಗದ ಮನುಷ್ಯ ನನ್ನ ತಪ್ಪು ತಿಳಿದರೆ ನನ್ನ ಕಡೆಯೂ ತಿರುಗುವುದಿಲ್ಲ, ಆಮೇಲೆ ಯಾರ ಕೈಯಿಂದ ಉಣ್ಣಬೇಕು ಎನ್ನುವ ಲೆಕ್ಕವನ್ನು ಅವರು ಆ ಬಾಗಿಲಲ್ಲೇ ನಿಂತು ಹಾಕಿದ್ದರು. ಆ ಲೆಕ್ಕ ತಪ್ಪಿರಲಿಲ್ಲ.

ಅವತ್ತು ಮಿಷನ್ ತುಳಿಯಲಿಲ್ಲ.

ಹೊಸ ಬೆಲ್ಟು ನನ್ನ ಬ್ಯಾಗಿನಲ್ಲಿದೆ. ಗುಬ್ಬಿಗೆ ಬಸ್ಸಿನಲ್ಲಿ ಹೋಗುವುದಿದ್ದರೆ ಕಿಟಕಿ ಪಕ್ಕ ಕೂರುತ್ತೇನೆ. ಹಳೆಯದನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಬಕಲನ್ನು ನಾಲ್ಕನೇ ತೂತಿಗೆ ಹಾಕಿ, ಇವರ ಫೋಟೋದ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ರವಿಕೆ ಅಳತೆ ಕೊಡಲು ಬಂದವರು ಇದ್ಯಾಕೆ ಇಲ್ಲಿ ಎಂದು ಕೇಳುತ್ತಾರೆ. ಬೆಲ್ಟು ಸಾಬರು ಹೊಲಿದದ್ದು, ತುಂಬ ಚೆನ್ನಾಗಿ ಹೊಲಿದಿದ್ದರು, ತೂತು ತಪ್ಪಿಸಿ ಹಾಕಿದವಳು ನಾನು ಎಂದು ಹೇಳುತ್ತೇನೆ. ಫೋಟೋಗೆ ಕೇಳಿಸುವಷ್ಟು ಜೋರಾಗಿಯೇ ಹೇಳುತ್ತೇನೆ.